ಕಲ್ಯಾಣದ ಒಳಗದನ ಮತ್ತು ನಮ್ಮ ಸೀಮೆಯ ನೆನಪು

ಒಂದು ನಾಡು ಪರರಾಜರೊಡನೆ ಮಾಡಿದ ಯುದ್ಧಗಳು ಬೇರೆ, ತನ್ನ ಮನೆಯೊಳಗೇ ಮಾಡಿಕೊಂಡ ಕದನಗಳು ಬೇರೆ. ಹೊರಗಿನ ವೈರಿಯು ಗೆದ್ದರೆ ಕಪ್ಪ ಕಾಣಿಕೆ ಒಯ್ಯುವನು, ಸೋತರೆ ಓಡಿಹೋಗುವನು. ಒಳಗದನದಲ್ಲಿಯಾದರೋ ಗೆದ್ದವನೂ ಸೋತವನೂ ಮರುದಿನ ಒಂದೇ ಬಾವಿಯ ನೀರು ಸೇದಬೇಕಾಗುವದು. ಆದುದರಿಂದ ಅದರ ನೆನಪು ಬೇಗ ಆರುವದಿಲ್ಲ. ಅದನ್ನು ಹೇಳುವ ಬಾಯಿಯೂ ಸುಲಭವಾಗಿ ತೆರೆಯುವದಿಲ್ಲ. ಇಂಗ್ಲಂಡದಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ 1642ರಿಂದ ಕದನವಾಗಿ, 1649ರಲ್ಲಿ ಅರಸನ ತಲೆ ಹೋಯಿತು. 1660ರಲ್ಲಿ ಅರಸೊತ್ತಿಗೆ ಮರಳಿ ಬಂದಾಗ, ನಡೆದುದನ್ನು ಎಲ್ಲರೂ ಮರೆಯತಕ್ಕದ್ದೆಂದು ಕಾಯದೆಯನ್ನೇ ಮಾಡಿದರು. ಅಮೇರಿಕೆಯಲ್ಲಿ 1861ರಿಂದ 1865ರ ವರೆಗೆ ನಡೆದ ಒಳಯುದ್ಧದ ದಳಪತಿಗಳ ಪ್ರತಿಮೆಗಳನ್ನು 2020ರಲ್ಲಿ ಕೆಳಗಿಳಿಸುವಾಗಲೂ ಜನರು ಎರಡು ಪಂಗಡವಾದರು. ಕಾಯದೆ ಮಾಡಿದರೆ ಮರೆವು ಬಾರದು; ಕಲ್ಲು ನಿಲ್ಲಿಸಿದರೆ ನೆನಪು ನೆಟ್ಟಗಾಗದು ಎಂಬದಕ್ಕೆ ಇವೆರಡು ನಿದರ್ಶನಗಳು ಸಾಕು.

ಕನ್ನಡಿಗರ ಇತಿಹಾಸದಲ್ಲಿ ಇಂಥ ನೆನಪು ಯಾವದು ಎಂದು ಕೇಳಿದರೆ, ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಬಿಟ್ಟು ಬೇರೆ ಹೆಸರು ಬಾಯಿಗೆ ಬರಲಾರದು. ಎಂಟುನೂರೈವತ್ತು ವರುಷಗಳಿಗೆ ಮೇಲಾದರೂ ಆ ನೆನಪು ಇನ್ನೂ ಬೆಚ್ಚಗಿದೆ. ನಮ್ಮ ಜತ್ತ ತಾಲೂಕು ಕಲ್ಯಾಣದಿಂದ ದೂರವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ವಿಚಾರಿಸಿ ನೋಡಿದರೆ ನಾವು ಆ ಕಥೆಯ ಹೊಸ್ತಿಲಲ್ಲಿಯೇ ಇದ್ದೇವೆ. ಆ ಕದನದಲ್ಲಿ ಜನರು ಏನನ್ನು ನೆನಪಿಟ್ಟರು, ಏನನ್ನು ಬಿಟ್ಟುಕೊಟ್ಟರು ಎಂಬದನ್ನು ಇಲ್ಲಿ ನಾವು ವಿಚಾರ ಮಾಡಬೇಕೆಂದಿದ್ದೇವೆ.

ಎರಡು ಕದನಗಳು

ಆ ಕಾಲದಲ್ಲಿ ನಡೆದುದು ಒಂದು ಕದನವಲ್ಲ, ಎರಡು. ಮೊದಲನೆಯದು ಸಿಂಹಾಸನದ ಕದನ. ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಅರ್ಧ ಶತಮಾನ ಆಳಿದನು. ಅವನ ಬಳಿಕ ರಾಜ್ಯದ ಬಿಗಿ ಸಡಿಲಾಗುತ್ತ ಬಂದು, ಮೂರನೆಯ ತೈಲಪನ ಕಾಲಕ್ಕೆ ಮಾಂಡಲಿಕರೇ ಬಲಿಷ್ಠರಾದರು. ಕಾಕತೀಯ ಪ್ರೋಲನು ತೈಲಪನನ್ನು ಸೆರೆ ಹಿಡಿದು ಬಿಟ್ಟುದು ಅರಸನ ಬಲ ಎಷ್ಟು ಕುಂದಿತ್ತೆಂಬದನ್ನು ತೋರಿಸುತ್ತದೆ. ತರ್ದವಾಡಿ ಸಾಸಿರ ನಾಡನ್ನು ಆಳುತ್ತಿದ್ದ ಕಳಚುರಿ ಮನೆತನದ ಬಿಜ್ಜಳನು 1157ರ ಸುಮಾರಿಗೆ ಸ್ವತಂತ್ರನಾಗಿ, 1162ರ ಹೊತ್ತಿಗೆ ಕಲ್ಯಾಣದ ಒಡೆಯನೇ ಆದನು. ಚಾಲುಕ್ಯರ ಉಪ್ಪುಂಡ ಮನೆತನವೇ ಚಾಲುಕ್ಯರ ಗದ್ದುಗೆಯನ್ನೇರಿದ ಬಗೆಯಿದು. ಬಿಜ್ಜಳನ ತರುವಾಯ ಅವನ ಮಕ್ಕಳಾದ ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣರು ಒಬ್ಬರಾದ ಮೇಲೊಬ್ಬರು ಆಳಿದರು. 1183–84ರಲ್ಲಿ ನಾಲ್ಕನೆಯ ಸೋಮೇಶ್ವರನು ಚಾಲುಕ್ಯರ ಗದ್ದುಗೆಯನ್ನು ಮರಳಿ ಪಡೆದನಾದರೂ, ಕೆಲವೇ ವರುಷಗಳಲ್ಲಿ ಉತ್ತರದಿಂದ ಸೇವುಣ ಭಿಲ್ಲಮನೂ ದಕ್ಷಿಣದಿಂದ ಹೊಯ್ಸಳ ಬಲ್ಲಾಳನೂ ರಾಜ್ಯವನ್ನು ಹರಿದು ಹಂಚಿಕೊಂಡರು.

ಎರಡನೆಯದು ಬೀದಿಯ ಕದನ. ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ಕೂಡಿದ ಶರಣರು ಕುಲವನ್ನೆಣಿಸದೆ ಕೂಡಿ ಉಂಡರು, ಕೂಡಿ ಮಾತಾಡಿದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಮದುವೆಯಾಯಿತೆಂದೂ, ಅರಸನು ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆ ವಿಧಿಸಿದನೆಂದೂ, ಆ ಬಳಿಕ ಊರಲ್ಲಿ ನೆತ್ತರು ಹರಿದು ಅರಸನೂ ಹತನಾದನೆಂದೂ, ಶರಣರು ದಿಕ್ಕು ದಿಕ್ಕಿಗೆ ಚದರಿದರೆಂದೂ ನಾಡಿನ ನಂಬಿಕೆ.

ಮೊದಲನೆಯ ಕದನವು ಇಪ್ಪತ್ತೈದು ವರುಷ ನಡೆದು ಒಂದು ಸಾಮ್ರಾಜ್ಯವನ್ನೇ ಮುಗಿಸಿತು. ಎರಡನೆಯದು ಒಂದು ಪಟ್ಟಣದಲ್ಲಿ ಕೆಲವು ಕಾಲ ನಡೆದುದು. ಆದರೆ ಇಂದು ನಮ್ಮ ಯಾವ ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಕೇಳಿದರೂ ನಾಲ್ಕನೆಯ ಸೋಮೇಶ್ವರನ ಹೆಸರನ್ನು ಬಲ್ಲವರು ಸಿಕ್ಕಲಾರರು. ಹರಳಯ್ಯನ ಹೆಸರನ್ನು ಅರಿಯದವರೂ ಸಿಕ್ಕಲಾರರು. ಅರಸರ ಕದನವನ್ನು ಕಲ್ಲು ನೆನಪಿಟ್ಟಿತು, ಜನ ಮರೆತರು. ಬೀದಿಯ ಕದನವನ್ನು ಜನ ನೆನಪಿಟ್ಟರು, ಕಲ್ಲು ಹೇಳಲಿಲ್ಲ. ಈ ಲೇಖನದ ಮುಖ್ಯ ಮಾತು ಇದೇ.

ಶಾಸನದ ಮಾತು, ಪುರಾಣದ ಮಾತು

ಬಿಜ್ಜಳನ ಮಕ್ಕಳ ಶಾಸನಗಳು ತಂದೆಯ ಕೊಲೆಯನ್ನು ಹೇಳುವದಿಲ್ಲ. 1167–68ರ ಸುಮಾರಿಗೆ ಆಳಿಕೆಯು ಸೋವಿದೇವನಿಗೆ ಬಂದುದಷ್ಟೇ ಅವುಗಳಿಂದ ತಿಳಿಯುವದು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ, ಸೇವುಣ ಕನ್ನರನ ಕಾಲದ ಶಾಸನವೊಂದಿದೆ. ಬಾಗೇವಾಡಿಯ ಮಾದಿರಾಜನನ್ನೂ ಅವನ ಮಗ ಬಸವರಾಜನನ್ನೂ ಅದು ಹೆಸರಿಸುವದರಿಂದ ವಿದ್ವಾಂಸರಿಗೆ ಅದು ದೊಡ್ಡ ಆಧಾರವಾಗಿದೆ. ಆದರೆ ಅದು ದಾನದ ಶಾಸನ; ಅದರ ಉದ್ದೇಶ ಬೇರೆ.

ಹಾವೇರಿ ಜಿಲ್ಲೆಯ ಅಬ್ಬಲೂರಿನ, 1200ರ ಸುಮಾರಿನ ಶಾಸನವು ನಮ್ಮನ್ನು ಇನ್ನೂ ಹೆಚ್ಚು ವಿಚಾರಕ್ಕೆ ಹಚ್ಚುತ್ತದೆ. ಏಕಾಂತದ ರಾಮಯ್ಯನು ಜೈನರೊಡನೆ ಪಣತೊಟ್ಟು ಗೆದ್ದ ಸಂಗತಿಯನ್ನು ಹೇಳುತ್ತ, ಅವನಿಗೆ ಜಯಪತ್ರವನ್ನಿತ್ತು ಸೋಮನಾಥ ದೇವಾಲಯಕ್ಕೆ ಊರೊಂದನ್ನು ದತ್ತಿ ಬಿಟ್ಟವನು ಬಿಜ್ಜಳನೇ ಎಂದು ಅದು ತಿಳಿಸುತ್ತದೆ. ಶಿವಭಕ್ತರನ್ನು ಕಂಡರಾಗದ ಕಡುಜೈನನೆಂದು ಪುರಾಣಗಳು ಚಿತ್ರಿಸಿದ ಅರಸನು ಶಾಸನದಲ್ಲಿ ಶಿವಾಲಯಕ್ಕೆ ದಾನಿಯಾಗಿ ನಿಂತಿದ್ದಾನೆ! ಕದನವಾದ ಮೇಲೆ ಎದುರಾಳಿಯ ಮುಖಕ್ಕೆ ಒಂದೇ ಬಣ್ಣ ಬಳಿಯುವದು ಜನರ ವಾಡಿಕೆ ಎಂಬದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಇನ್ನು ಪುರಾಣಗಳ ಮಾತು. ಎಲ್ಲಕ್ಕೂ ಹತ್ತಿರದ ಕಾಲದವನು ಹರಿಹರ. ಅವನ ‘ಬಸವರಾಜದೇವರ ರಗಳೆ’ಯಲ್ಲಿ ನಮ್ಮ ಕೈಗೆ ಬಂದಿರುವವು 13 ಸ್ಥಲಗಳು ಮಾತ್ರ, ಅವುಗಳಲ್ಲಿ ಕಲ್ಯಾಣದ ಕೊನೆಯ ಕಥೆ ಇಲ್ಲ. ಹದಿಮೂರನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬಸವಪುರಾಣವನ್ನು ಬರೆದನು; 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದನು. ಇವರ ಕಥೆಯಲ್ಲಿ ಅರಸನು ಇಬ್ಬರು ಭಕ್ತರ ಕಣ್ಣು ಕೀಳಿಸಿದನೆಂದೂ, ಜಗದೇವ ಮತ್ತು ಅವನ ಸಂಗಡಿಗರು ಅರಸನನ್ನು ಕೊಂದರೆಂದೂ ಇದೆ. ಮದುವೆಯ ಪ್ರಸಂಗವು ವಿಸ್ತಾರವಾಗಿ ಬರುವದು ಮುಂದಿನ ಶತಮಾನಗಳ ಪುರಾಣಗಳಲ್ಲಿ. ಜೈನರ ‘ಬಿಜ್ಜಳರಾಯ ಚರಿತೆ’ ಇದೇ ಸಾವನ್ನು ಬೇರೊಂದು ಬಗೆಯಾಗಿ ಹೇಳುತ್ತದೆ. ಕೊಲ್ಲಾಪುರದ ದಂಡಯಾತ್ರೆಯಿಂದ ಮರಳುತ್ತ ಅರಸನು ಭೀಮಾತೀರದಲ್ಲಿ ಬೀಡುಬಿಟ್ಟಿದ್ದಾಗ ವಿಷ ಬೆರೆತ ಹಣ್ಣು ಕೊಟ್ಟು ಅವನನ್ನು ಕೊಲ್ಲಿಸಿದರೆಂಬದು ಅದರ ಆರೋಪ.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಒಂದು ಪಕ್ಷದ ಪುರಾಣ ಅರಸನ ಕೊಲೆಯನ್ನು ಶೌರ್ಯವೆಂದು ಹೊಗಳುತ್ತದೆ. ಇನ್ನೊಂದು ಪಕ್ಷದ ಚರಿತೆ ಅದನ್ನೇ ದ್ರೋಹವೆಂದು ಹಳಿಯುತ್ತದೆ. ಆದರೆ ಕೊಂದವರು ಶರಣರ ಕಡೆಯವರೆಂಬದನ್ನು ಎರಡೂ ಒಪ್ಪುತ್ತವೆ. ಜಗಳಾಡುವ ಇಬ್ಬರೂ ಒಪ್ಪಿದ ಮಾತಿದು ಎಂದು ಕೆಲವರು ಅದನ್ನು ನಂಬುವರು. ಅಹಿಂಸೆಯನ್ನೇ ಸಾರಿದವರ ಬಳಗದಿಂದ ಈ ಕೆಲಸ ಆಗಲಾರದು, ಗದ್ದುಗೆಯ ಒಳಜಗಳದಲ್ಲಿಯೇ ಅರಸನು ಬಲಿಯಾದನೆಂದು ಬೇರೆ ಕೆಲವರು ವಾದಿಸುವರು. ಎರಡನೆಯ ವಾದವನ್ನು ಹಿಡಿದರೆ, ಮರೆತುಹೋದ ಮೊದಲನೆಯ ಕದನವು ಎರಡನೆಯದರ ಒಡಲಲ್ಲಿಯೇ ಅಡಗಿ ಕುಳಿತಿದೆ ಎಂದಾಗುವದು.

ಕದನವನ್ನು ಬಿಟ್ಟು ದಾರಿಯನ್ನು ನೆನೆದವರು

ಪುರಾಣಗಳು ಹೇಗೇ ಹೇಳಲಿ, ಜನರ ಬಾಯಲ್ಲಿ ಉಳಿದಿರುವದು ಕೊಲೆಗಿಂತ ಹೆಚ್ಚಾಗಿ ಹೊರಟುಹೋದ ದಾರಿ. ಬಸವಣ್ಣನವರು ಕೂಡಲಸಂಗಮಕ್ಕೆ, ನೀಲಾಂಬಿಕೆಯು ಕೃಷ್ಣೆಯ ದಂಡೆಯ ತಂಗಡಗಿಗೆ, ಚನ್ನಬಸವಣ್ಣನವರೂ ಅವರ ಸಂಗಡಿಗರೂ ಕಾಡುದಾರಿಯಿಂದ ಉಳವಿಗೆ. ಆ ದಾರಿಯಲ್ಲಿ ಮಲಪ್ರಭೆಯ ದಂಡೆಯ ಕಾದರವಳ್ಳಿಯಲ್ಲಿ ಬೆನ್ನಟ್ಟಿ ಬಂದ ದಂಡಿನೊಡನೆ ಕಾಳಗವಾಯಿತೆಂದು ಹೇಳುವರು. ಗಂಗಾಂಬಿಕೆಯ ಐಕ್ಯಸ್ಥಲವೆಂದು ಮುಗುಟಖಾನ ಹುಬ್ಬಳ್ಳಿಯನ್ನೂ, ಡೋಹರ ಕಕ್ಕಯ್ಯನ ಸ್ಥಲವೆಂದು ಖಾನಾಪುರ ತಾಲೂಕಿನ ಕಕ್ಕೇರಿಯನ್ನೂ ತೋರಿಸುವರು. ಇವೆಲ್ಲ ಐತಿಹ್ಯಗಳು, ಇವಕ್ಕೆ ಆ ಕಾಲದ ಶಾಸನಾಧಾರವನ್ನು ಕೇಳುವದು ಸಲ್ಲದು. ಆದರೆ ಈ ಊರುಗಳನ್ನು ನಕಾಶೆಯ ಮೇಲೆ ಗುರುತಿಸಿ ಗೆರೆ ಎಳೆದು ನೋಡಿದರೆ, ಬೀದರ ಸೀಮೆಯಿಂದ ಸಹ್ಯಾದ್ರಿಯ ವರೆಗೆ ಒಂದು ದೊಡ್ಡ ವಲಸೆಯ ಹಾದಿ ಕಾಣಿಸುವದು. ಯಾವ ಸರಕಾರವೂ ನಿಲ್ಲಿಸದ ಸ್ಮಾರಕಗಳ ಸಾಲು ಅದು. ವಿಶೇಷವೆಂದರೆ ಜೈನರ ಚರಿತೆಯೂ ಬಸವಣ್ಣನವರನ್ನು ಓಡಿಸುವದು ಉಳವಿಗೇ.

ಈ ದಾರಿಯ ನೆನಪಿನೊಡನೆ ವಚನಗಳ ಕಟ್ಟುಗಳ ನೆನಪೂ ಹೆಣೆದುಕೊಂಡಿದೆ. ಓಡಿಹೋದವರು ಬಂಗಾರವನ್ನು ಹೊತ್ತೊಯ್ದರೆಂದು ಯಾರೂ ಹೇಳುವದಿಲ್ಲ. ತಾಳೆಗರಿಯ ಕಟ್ಟುಗಳನ್ನು ಹೊತ್ತೊಯ್ದರೆಂದು ಎಲ್ಲರೂ ಹೇಳುವರು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ವಿರಕ್ತರು ಆ ವಚನಗಳನ್ನು ಕೂಡಿಸಿ ಜೋಡಿಸಿದರು. ಆಗ ಹುಟ್ಟಿದ ‘ಶೂನ್ಯಸಂಪಾದನೆ’ಯಲ್ಲಿ ಕಲ್ಯಾಣವೆಂದರೆ ರಣರಂಗವಲ್ಲ, ಶರಣರು ಕುಳಿತು ಪ್ರಶ್ನೆ ಕೇಳಿ ಉತ್ತರ ಹೇಳುವ ಗೋಷ್ಠಿ. ಅಂದರೆ ಕದನವಾಗಿ ಇನ್ನೂರೈವತ್ತಕ್ಕೂ ಮೇಲ್ಪಟ್ಟು ವರುಷಗಳಾದ ಮೇಲೆ ಜನರು ತಮ್ಮ ಕಲ್ಯಾಣವನ್ನು ತಾವೇ ಆರಿಸಿಕೊಂಡರು: ಸುಟ್ಟ ಪಟ್ಟಣವನ್ನಲ್ಲ, ಮಾತಿನ ಮಂಟಪವನ್ನು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠ ತಿರುಗಿ ಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಹೊರಗೆಡಹಿದುದು ಇದೇ ಕೆಲಸದ ಮುಂದುವರಿಕೆ.

ನೆನಪು ಹಿಂದಕ್ಕೆ ಮಾತ್ರ ನೋಡಲಿಲ್ಲ, ಮುಂದಕ್ಕೂ ನೋಡಿತು. ಕಾಲಜ್ಞಾನ ಸಾಹಿತ್ಯದಲ್ಲಿ ಹಾಳಾದ ಕಲ್ಯಾಣವನ್ನು ವೀರವಸಂತರಾಯನು ಬಂದು ಮರಳಿ ಕಟ್ಟುವನೆಂಬ ಭವಿಷ್ಯವಿದೆ. ಅವನ ದಾರಿ ಕಾಯುತ್ತ ತಲೆಮಾರುಗಳು ಕಳೆದವು. ನಮ್ಮ ಕಾಲದಲ್ಲಿ ಆ ಕಾರ್ಯವನ್ನು ನಾಟಕಕಾರರು ವಹಿಸಿಕೊಂಡಂತಿದೆ. ಲಂಕೇಶರ ‘ಸಂಕ್ರಾಂತಿ’ (1971), ಶಿವಪ್ರಕಾಶರ ‘ಮಹಾಚೈತ್ರ’ (1986), ಗಿರೀಶ ಕಾರ್ನಾಡರ ‘ತಲೆದಂಡ’ (1990) ಇವು ಮೂರೂ ಅದೇ ಬೀದಿಗೆ ಮರಳಿ ಹೋಗಿ, ಅಲ್ಲಿ ನಡೆದುದೇನು ಎಂದು ತಮ್ಮ ತಮ್ಮ ಕಾಲದ ಕಣ್ಣಿನಿಂದ ಕೇಳಿದವು. 1956ರಲ್ಲಿ ಕಲ್ಯಾಣಿ ಎಂಬ ಊರು ಬಸವಕಲ್ಯಾಣವಾಯಿತು. 2019ರಲ್ಲಿ ಹೈದರಾಬಾದ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಹೆಸರು ಬೆಳೆಯುತ್ತಲೇ ಇದೆ.

ನಮ್ಮ ಸೀಮೆಯಲ್ಲಿ

ಕಲ್ಯಾಣಕ್ಕೆ ಮೊದಲು ಕಳಚುರಿಗಳ ನೆಲೆ ಮಂಗಳವಾಡ, ಎಂದರೆ ಇಂದು ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆ. ಅದು ಜತ್ತದ ನೆರೆಯ ತಾಲೂಕು. ಹರಿಹರನು ಬಸವಣ್ಣನವರನ್ನು ಕೂಡಲಸಂಗಮದಿಂದ ನೇರವಾಗಿ ಕರೆತರುವದು ಈ ಮಂಗಳವಾಡಕ್ಕೇ. ಅವರಿಗೆ ಲೆಕ್ಕದ ಕೆಲಸ ಸಿಕ್ಕುದೂ ಅಲ್ಲಿಯೇ. ಮುಂದೆ ಅರಸನಾಗುವವನೂ, ಅವನಿಗೆ ಮುಂದೆ ಎದುರಾಗುವ ಭಂಡಾರಿಯೂ ಮೊದಲು ಕಲೆತದ್ದು ನಮ್ಮ ಅಂಗಳದಾಚೆಯ ಊರಿನಲ್ಲಿ. ಒಳಗದನದ ಬೀಜ ಯಾವಾಗಲೂ ಒಂದೇ ಮನೆಯ ಪರಿಚಯದಲ್ಲಿರುವದೆಂಬದಕ್ಕೆ ಇದೂ ಒಂದು ಸಾಕ್ಷಿ.

ಜತ್ತ ತಾಲೂಕಿನೊಳಗೇ ಕಲ್ಯಾಣವು ಗುಡ್ಡಾಪುರದಲ್ಲಿ ನೆಲೆಸಿದೆ. ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮನೆಂಬ ಹುಡುಗಿಯು ಕಲ್ಯಾಣದ ಶರಣರ ಸಂಗವನ್ನು ಸೇರಿದಳೆಂದೂ, ಅವಳ ಕೊಡುಗೈಯನ್ನು ಕಂಡು ಬಸವಣ್ಣನವರೇ ದಾನಮ್ಮನೆಂದು ಹೆಸರಿಟ್ಟರೆಂದೂ, ಗುಡ್ಡಾಪುರದಲ್ಲಿ ಐಕ್ಯಳಾದಳೆಂದೂ ನಮ್ಮ ಸೀಮೆಯ ಐತಿಹ್ಯ. ಕಾರ್ತಿಕ ಮಾಸದ ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಂದ ಜನರು ಬುತ್ತಿ ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಬರುವರು. ದಾರಿಯ ಹಳ್ಳಿಗಳವರು ನಡೆದು ಬರುವವರಿಗೆ ನೀರು, ಚಹ, ಅನ್ನ ಕೊಡುವರು. ಗುಡಿಯಲ್ಲಿ ದಾಸೋಹ ನಡೆಯುವದು. ಗುಡ್ಡಾಪುರದ ಕಥೆಯಲ್ಲಿ ಕತ್ತಿಯಿಲ್ಲ, ಬಿಜ್ಜಳನಿಲ್ಲ, ಎಳೆಹೂಟೆಯಿಲ್ಲ. ಕಲ್ಯಾಣದಿಂದ ಅಲ್ಲಿಗೆ ಬಂದು ಉಳಿದುದು ಅನ್ನವೊಂದೇ. ಕದನದ ನೆನಪನ್ನು ಅನ್ನವಾಗಿ ಮಾರ್ಪಡಿಸಿಕೊಂಡ ಜನರ ಜಾಣತನವನ್ನು ನಾವು ಮೆಚ್ಚಲೇಬೇಕು.

ಜತ್ತವು ಡಫಳೆ ಮನೆತನದ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1949ರಿಂದ ದಕ್ಷಿಣ ಸಾತಾರಾ ಎನಿಸಿದ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರು ಬಂದಿತು. ಅದೇ ವರುಷ ಮಹಾರಾಷ್ಟ್ರ ರಾಜ್ಯ ಹುಟ್ಟಿತು. ಹೀಗೆ ಹನ್ನೆರಡು ವರುಷಗಳಲ್ಲಿ ನಮ್ಮ ವಿಳಾಸ ಹಲವು ಬಾರಿ ಬದಲಾಯಿತು. ದಾನಮ್ಮನ ಜಾತ್ರೆಗೆ ಬರುವವರ ದಾರಿ ಮಾತ್ರ ಬದಲಾಗಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕ್ರಿ.ಶ. 680ರಲ್ಲಿ ಇರಾಕದ ಕರ್ಬಲೆಯಲ್ಲಿ ನಡೆದುದೂ ಒಂದೇ ಧರ್ಮದವರ ಒಳಗದನವೇ. ಆ ದುಃಖವನ್ನು ವಿಜಯಪುರ ಸೀಮೆಯ ಹಳ್ಳಿಗಳಲ್ಲಿ ಅಲಾಯಿ ಹಬ್ಬದ ರಾತ್ರಿ ಅಚ್ಚಗನ್ನಡದ ರಿವಾಯತ್ ಪದಗಳಲ್ಲಿ ಹಾಡುವರು. ಹಾಡುವವರಲ್ಲಿ ಮುಸಲ್ಮಾನರಿರುವಂತೆ ಲಿಂಗಾಯತರೂ ಕುರುಬರೂ ಇರುವರು. ಎಲ್ಲಿಯದೋ ಕದನದ ಅಳಲನ್ನು ತನ್ನದೆಂದು ಹಾಡಬಲ್ಲ ಜನಕ್ಕೆ ತನ್ನ ಊರ ಕದನವನ್ನು ದ್ವೇಷವಿಲ್ಲದೆ ನೆನೆಯುವ ಶಕ್ತಿಯೂ ಇದ್ದೇ ಇದೆ.

ಹಂಚಿಹೋದ ನೆನಪು

ಇಷ್ಟು ಹೊಗಳಿದ ಮೇಲೆ ಒಂದು ಕೊರತೆಯನ್ನೂ ಹೇಳದೆ ಬಿಡಲಾಗದು. ಮೂವತ್ತು ವರುಷ ಶಾಲೆಯ ಹಾಜರಿ ಪುಸ್ತಕಗಳನ್ನು ತಿರುವಿದವರು ನಾವು. ಬಸವರಾಜ, ಚನ್ನಬಸಪ್ಪ, ಸಿದ್ಧರಾಮ, ನೀಲಮ್ಮ, ಗಂಗಮ್ಮ, ದಾನಮ್ಮ ಈ ಹೆಸರುಗಳಿಲ್ಲದ ವರ್ಗವನ್ನು ನಾವು ಕಂಡಿಲ್ಲ. ಬಿಜ್ಜಳನೆಂಬ ಹುಡುಗನನ್ನು ಒಮ್ಮೆಯೂ ಕಂಡಿಲ್ಲ. ತೀರ್ಪು ಯಾರ ಕಡೆಗೆ ಹೋಯಿತೆಂದು ತಿಳಿಯಲು ಬೇರೆ ಗ್ರಂಥ ಬೇಡ. ಹಾಜರಿ ಪುಸ್ತಕವೇ ಸಾಕು. ಆದರೆ ಅದೇ ಪುಸ್ತಕದಲ್ಲಿ ಹೆಸರಿನ ಮುಂದೆ ಜಾತಿಯ ಕಲಮೂ ಇರುವದು.

ಕಲ್ಯಾಣದವರು ಕುಲದ ಗೋಡೆಯನ್ನು ಕೆಡವಲು ಹೋದರು. ಅವರ ನೆನಪನ್ನಾದರೋ ನಾವು ಕುಲಕ್ಕೊಂದರಂತೆ ಹಂಚಿಕೊಂಡೆವು. ಮಡಿವಾಳರಿಗೆ ಮಾಚಿದೇವ, ಹಡಪದರಿಗೆ ಅಪ್ಪಣ್ಣ, ಅಂಬಿಗರಿಗೆ ಚೌಡಯ್ಯ, ಸಮಗಾರರಿಗೆ ಹರಳಯ್ಯ. ಮಹಾರಾಷ್ಟ್ರದ ಢೋರ ಬಂಧುಗಳಿಗೆ ಕಕ್ಕಯ್ಯ. ಕರ್ನಾಟಕದಲ್ಲಿ ಇವರಲ್ಲಿ ಹಲವರ ಜಯಂತಿಗಳು ಸರಕಾರಿ ಉತ್ಸವಗಳೂ ಆಗಿವೆ. ದುಡಿಯುವ ಜನರಿಗೆ ತಮ್ಮವನೊಬ್ಬನು ಕಲ್ಯಾಣದಲ್ಲಿ ಸರಿಸಮನಾಗಿ ಕುಳಿತಿದ್ದನೆಂಬ ಅಭಿಮಾನ ಸಣ್ಣದಲ್ಲ. ಅದನ್ನು ಹಗುರಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೂ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತದೆ. ಮಧುವರಸನು ಯಾರವನು? ಹರಳಯ್ಯನ ಬೀಗನಾಗಿ ಅವನೊಡನೆಯೇ ಪ್ರಾಣ ಕೊಟ್ಟವನು ಅವನು. ಆದರೆ ನಮ್ಮ ಸೀಮೆಯಲ್ಲಿ ಅವನ ಜಯಂತಿಯನ್ನು ಮಾಡುವ ಸಮಾಜವನ್ನು ನಾವು ಕಾಣೆವು. ಹುಟ್ಟಿದ ಕುಲವನ್ನು ಅವನು ಬಿಟ್ಟನು. ಸೇರಿದ ಬಳಗವು ಚದರಿತು. ಕುಲದ ಲೆಕ್ಕದಲ್ಲಿ ನೆನಪನ್ನು ಹಂಚುವಾಗ ಕುಲವನ್ನು ದಾಟಿದವನೇ ಯಾರ ಪಾಲಿಗೂ ಬಾರದೆ ಹೋದನು. ಯಾವ ಮದುವೆಗಾಗಿ ಇಷ್ಟೆಲ್ಲ ನಡೆಯಿತೆಂದು ಹೇಳುತ್ತೇವೆಯೋ ಆ ಮದುವೆಯ ಒಂದು ಮನೆಯವರನ್ನು ಮಾತ್ರ ನೆನೆದು, ಇನ್ನೊಂದು ಮನೆಯವರನ್ನು ಬಿಟ್ಟರೆ ಕಥೆ ಅರ್ಧವಾಗುವದು.

ಶಿಕ್ಷಕರ ಕರ್ತವ್ಯ

ಗಡಿಯ ಶಾಲೆಗಳಲ್ಲಿ ಕಲಿಸುವ ನಾವು ಈ ವಿಷಯದಲ್ಲಿ ಮಾಡಬಹುದಾದ ಕೆಲಸಗಳಿವೆ. ಮೊದಲನೆಯದಾಗಿ, ಕಲ್ಯಾಣದ ಪಾಠವನ್ನು ಹೇಳುವಾಗ ಶಾಸನದ ಮಾತು ಇಷ್ಟು, ಪುರಾಣದ ಮಾತು ಇಷ್ಟು, ಐತಿಹ್ಯ ಇಷ್ಟು ಎಂದು ಮಕ್ಕಳಿಗೆ ಬಿಡಿಸಿ ತೋರಿಸಬೇಕು. ಅಬ್ಬಲೂರಿನ ಬಿಜ್ಜಳನನ್ನೂ ಪುರಾಣದ ಬಿಜ್ಜಳನನ್ನೂ ಎದುರೆದುರು ಇಟ್ಟರೆ, ಹತ್ತನೆಯ ಇಯತ್ತೆಯ ಹುಡುಗನಿಗೂ ಇತಿಹಾಸವೆಂದರೇನೆಂಬದು ತಿಳಿಯುವದು. ಎರಡನೆಯದಾಗಿ, ಮಂಗಳವೇಢೆಗೂ ಗುಡ್ಡಾಪುರಕ್ಕೂ ಮಕ್ಕಳನ್ನು ಒಂದೇ ಸಹಲಿನಲ್ಲಿ ಕರೆದೊಯ್ಯಬೇಕು. ಅರಸನ ಊರನ್ನೂ ಶರಣೆಯ ಊರನ್ನೂ ಒಂದೇ ದಿನ ಕಂಡ ಹುಡುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರನೆಯದಾಗಿ, ನಮ್ಮ ಹಳ್ಳಿಗಳ ಗುಡಿಯ ಮೂಲೆಗಳಲ್ಲಿ, ಹೊಲದ ಬದುವಿನಲ್ಲಿ ಬಿದ್ದಿರುವ ಬರಹದ ಕಲ್ಲುಗಳನ್ನು ಒಗೆಯುವ ಕಲ್ಲಾಗಲು ಬಿಡದೆ, ಬಲ್ಲವರ ಗಮನಕ್ಕೆ ತರಬೇಕು. ಮುದುಕಿಯರ ಬಾಯಲ್ಲಿರುವ ದಾನಮ್ಮನ ಪದಗಳನ್ನು ಬರೆದಿಡಬೇಕು. ಕಲ್ಲು ಹೇಳದುದನ್ನು ಬಾಯಿ ಹೇಳಿತು. ಬಾಯಿ ಹೇಳದಾದ ದಿನ ಕೈಯಾದರೂ ಬರೆದಿರಬೇಕು.

ಕಲ್ಯಾಣದ ಕದನದಲ್ಲಿ ಗೆದ್ದವರಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ನಮ್ಮ ಹಿರಿಯರು ಕಾಲ ಕಳೆಯಲಿಲ್ಲ. ಅವರು ವಚನಗಳನ್ನು ಉಳಿಸಿದರು, ದಾಸೋಹವನ್ನು ಉಳಿಸಿದರು, ನಡೆದುಹೋದ ದಾರಿಯನ್ನು ಉಳಿಸಿದರು. ಉಳಿಯದೆ ಹೋದುದು ಆ ಎರಡು ಮನೆಗಳ ನಂಟು. ಹರಳಯ್ಯ ಮಧುವರಸ ಎಂಬ ಎರಡು ಹೆಸರುಗಳನ್ನು ನಮ್ಮ ವರ್ಗಗಳಲ್ಲಿ ಮಕ್ಕಳು ಒಂದೇ ಉಸಿರಿನಲ್ಲಿ ಹೇಳುವಂತೆ ಮಾಡಿದರೆ, ಶಿಕ್ಷಕರಾದ ನಾವು ಆ ಕಥೆಗೆ ನಮ್ಮ ಪಾಲಿನ ಸೇವೆಯನ್ನು ಸಲ್ಲಿಸಿದಂತಾಗುವದು.